ಆಫ್ ಆಗಿದ್ದ ಎಸ್‌ಎಂಪಿಎಸ್‌ನ ಫ್ಯಾನ್ ತಿರುಗುತ್ತಿತ್ತು: ಮೈನಿಂಗ್ ಯಂತ್ರಕ್ಕೆ ಕಂಪ್ಯೂಟರ್ ಪವರ್ ಸಪ್ಲೈ ಜೋಡಿಸಿದ ಒಂದು ಪ್ರಕರಣ

ಇದು 2021ರ ಜುಲೈನಲ್ಲಿ ನನ್ನ ಕೈಗೆ ಬಂದ ಕೆಲಸ. ಕಂಪ್ಯೂಟರ್ ರಿಪೇರಿ ನನ್ನ ಕಸುಬು. ಊರು ಮಧ್ಯ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರ. ಮನೆಯವರ ಹೆಸರಾಗಲಿ ಓಣಿಯಾಗಲಿ ಇಲ್ಲಿ ಬರುವುದಿಲ್ಲ. ಎಂಜಿನಿಯರಿಂಗ್ ಓದುತ್ತಿದ್ದ ಮಗನನ್ನು ಹುಡುಗ ಎಂದೂ, ಹಿಟ್ಟಿನ ಗಿರಣಿ ನಡೆಸುವ ಅವನ ತಂದೆಯನ್ನು ಯಜಮಾನರು ಎಂದೂ ಕರೆಯುತ್ತೇನೆ. ಇದನ್ನು ಬರೆಯಲು ಇಬ್ಬರೂ ಒಪ್ಪಿದ್ದಾರೆ. ಇಂಥದ್ದೇ ಜೋಡಣೆಯನ್ನು ಆಮೇಲೆ ಇನ್ನೂ ಎರಡು ಕಡೆ ನೋಡಿದೆ. ಯಾವುದಾದರೂ ಒಂದು ಮನೆಯಲ್ಲಿ ಯಾರೂ ಎಚ್ಚರವಿಲ್ಲದ ಹೊತ್ತಿನಲ್ಲಿ ಇಲ್ಲಿಯಂತೆ ಪ್ಲಗ್ ಕರಗಿ ಹೊಗೆ ಎದ್ದರೆ ಎಂಬ ಭಯಕ್ಕೇ ಬರೆಯುತ್ತಿದ್ದೇನೆ.

ಹಿನ್ನೆಲೆ

ಹುಡುಗ ಆ ವರ್ಷದ ಏಪ್ರಿಲ್‌ನಲ್ಲಿ, ಎರಡನೇ ಲಾಕ್‌ಡೌನ್‌ಗೆ ಕೆಲವೇ ದಿನ ಮೊದಲು, ಒಂದು ಹಳೆಯ ಆ್ಯಂಟ್‌ಮೈನರ್ ಎಸ್9 ಕೊಂಡಿದ್ದ. 2016ರಲ್ಲಿ ಬಂದ ಯಂತ್ರ ಅದು, ಬಿಟ್‌ಕಾಯಿನ್ ಮತ್ತು ಅದೇ ಬಗೆಯ ಲೆಕ್ಕದ ನಾಣ್ಯಗಳ ಮೈನಿಂಗ್, ಅಂದರೆ ಜಾಲದ ಲೆಕ್ಕ ಬಿಡಿಸಿ ಆ ಡಿಜಿಟಲ್ ನಾಣ್ಯ ಗಳಿಸುವ ಕೆಲಸ, ಬಿಟ್ಟು ಬೇರೇನೂ ಮಾಡದು. ಶೂ ಡಬ್ಬಿಗಿಂತ ಸ್ವಲ್ಪ ದೊಡ್ಡ ಅಲ್ಯೂಮಿನಿಯಂ ಪೆಟ್ಟಿಗೆ. ಒಳಗೆ ಆ ಲೆಕ್ಕ ಮಾಡುವ ಮೂರು ಹ್ಯಾಶ್ ಬೋರ್ಡ್, ಒಂದೊಂದರಲ್ಲಿ 63 ಚಿಪ್. ಮೇಲೆ ಒಂದು ಕಂಟ್ರೋಲ್ ಬೋರ್ಡ್, ಎರಡು ತುದಿಗೂ ಒಂದೊಂದು ಫ್ಯಾನ್. ಮೂರೂ ಬೋರ್ಡ್ ಓಡಿದರೆ ಸೆಕೆಂಡಿಗೆ 13.5 ಟೆರಾಹ್ಯಾಶ್ (13.5 ಲಕ್ಷ ಕೋಟಿ ಲೆಕ್ಕ), ಅದಕ್ಕೆ ಗೋಡೆಯ ಸಾಕೆಟ್‌ನಿಂದ ಎಳೆಯುವುದು ಸುಮಾರು 1,320 ವ್ಯಾಟ್.

ಎಸ್9ರೊಳಗೆ ಪವರ್ ಸಪ್ಲೈ ಇರುವುದಿಲ್ಲ. ಬೇರೆ ಪೆಟ್ಟಿಗೆಯಾಗಿ ಬರುತ್ತದೆ. 12 ವೋಲ್ಟ್ ಒಂದನ್ನೇ ಕೊಡುವ 1,600 ವ್ಯಾಟ್‌ನ ಆ ಪೆಟ್ಟಿಗೆಯನ್ನು ಮಾರಿದವನು ತನ್ನಲ್ಲೇ ಉಳಿಸಿಕೊಂಡಿದ್ದ. ಯಂತ್ರದ ಮೇಲೆ ಹತ್ತು ಆರು-ಪಿನ್ ಸಾಕೆಟ್‌ಗಳು: ಬೋರ್ಡಿಗೆ ಮೂರರಂತೆ ಒಂಬತ್ತು, ಕಂಟ್ರೋಲ್ ಬೋರ್ಡಿಗೆ ಒಂದು. ಕಂಪ್ಯೂಟರ್‌ನಲ್ಲಿ ಗ್ರಾಫಿಕ್ಸ್ ಕಾರ್ಡಿಗೆ ಚುಚ್ಚುವ ಪ್ಲಗ್ ಇದಕ್ಕೂ ಹೊಂದುತ್ತದೆ. ಇಡೀ ಪ್ರಕರಣ ಹುಟ್ಟಿದ್ದು ಇಲ್ಲಿಂದ. ಪ್ಲಗ್ ಸಲೀಸಾಗಿ ಕೂತು 'ಟಕ್' ಅಂದರೆ, ಇದು ಇದಕ್ಕೇ ಮಾಡಿದ್ದು ಅಂತ ಕೈ ನಂಬಿಬಿಡುತ್ತದೆ.

ಹುಡುಗನ ಗೇಮಿಂಗ್ ಕಂಪ್ಯೂಟರ್‌ನಲ್ಲಿ ಒಳ್ಳೆಯ 750 ವ್ಯಾಟ್ ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರ್‌ನ ಪವರ್ ಸಪ್ಲೈ ಪೆಟ್ಟಿಗೆ, ಇತ್ತು. 12 ವೋಲ್ಟ್‌ನಲ್ಲಿ 62 ಆಂಪಿಯರ್ ಕೊಡಬಲ್ಲದು. ಎರಡು ಕೇಬಲ್, ಕೇಬಲ್ಲಿಗೆ ಎರಡೆರಡು ತಲೆ, ಒಟ್ಟು ನಾಲ್ಕು ಪ್ಲಗ್. ಮದರ್‌ಬೋರ್ಡ್ ಇಲ್ಲದೆ ಇಂಥ ಎಸ್‌ಎಂಪಿಎಸ್ ಆನ್ ಆಗುವುದಿಲ್ಲ. 24 ಪಿನ್ನಿನ ದೊಡ್ಡ ಪ್ಲಗ್‌ನಲ್ಲಿ 16ನೇ ಪಿನ್ನನ್ನು, ಅಂದರೆ ಹಸಿರು ವೈರನ್ನು, ಪಕ್ಕದ ಕಪ್ಪು ವೈರಿಗೆ ಸೇರಿಸಿದರೆ ಆನ್ ಆಗುತ್ತದೆ. ಅವನು ಪೇಪರ್ ಕ್ಲಿಪ್ ಬಗ್ಗಿಸಿ ಅದನ್ನೇ ಮಾಡಿದ. ಮೂರು ಪ್ಲಗ್ ಒಂದು ಹ್ಯಾಶ್ ಬೋರ್ಡಿಗೆ, ನಾಲ್ಕನೆಯದು ಕಂಟ್ರೋಲ್ ಬೋರ್ಡಿಗೆ. ಉಳಿದ ಎರಡು ಬೋರ್ಡ್ ಖಾಲಿ. ಒಂದು ಹ್ಯಾಶ್ ಬೋರ್ಡ್ ಸುಮಾರು 34 ಆಂಪಿಯರ್, ಕಂಟ್ರೋಲ್ ಬೋರ್ಡ್ ಮತ್ತು ಫ್ಯಾನ್ ಸೇರಿ ಇನ್ನೊಂದು ನಾಲ್ಕು. 62ರಲ್ಲಿ 38. ಮೇ, ಜೂನ್ ಎರಡು ತಿಂಗಳು ಒಂದೇ ಒಂದು ತೊಂದರೆ ಇಲ್ಲದೆ ಓಡಿತು. ಈ ಭಾಗವನ್ನು ಅವನು ಸರಿಯಾಗಿಯೇ ಮಾಡಿದ್ದ, ಇದನ್ನು ಒತ್ತಿ ಹೇಳಬೇಕು. ಕಂಪ್ಯೂಟರ್ ಎಸ್‌ಎಂಪಿಎಸ್‌ನಿಂದ ಮೈನಿಂಗ್ ಯಂತ್ರ ಓಡಿಸಿದ್ದೇ ತಪ್ಪು ಎಂದು ನಾನು ಹೇಳುತ್ತಿಲ್ಲ.

ಆ ಹೊತ್ತಿಗೆ ಚೀನಾದಲ್ಲಿ ಸರ್ಕಾರ ಮೈನಿಂಗ್ ನಿಲ್ಲಿಸಲು ಹೊರಟು ಒಂದೊಂದೇ ಪ್ರಾಂತ್ಯದ ಯಂತ್ರಗಳು ಬಂದಾಗುತ್ತಿದ್ದವು. ಜುಲೈ 3ರಂದು ಬಿಟ್‌ಕಾಯಿನ್ ಜಾಲದ ಡಿಫಿಕಲ್ಟಿ, ಅಂದರೆ ನಾಣ್ಯ ಗಳಿಸಲು ಎಷ್ಟು ಲೆಕ್ಕ ಮಾಡಬೇಕೆಂಬ ಅಳತೆ, ಒಂದೇ ಏಟಿಗೆ ಶೇಕಡಾ 28ರಷ್ಟು ಇಳಿಯಿತು. ಅಷ್ಟು ದೊಡ್ಡ ಇಳಿತ ಅದಕ್ಕೆ ಮೊದಲು ಆಗಿರಲಿಲ್ಲ. ಅಂದರೆ ಅದೇ ಯಂತ್ರ, ಅದೇ ಕರೆಂಟು, ಸಿಗುವ ಪಾಲು ಮಾತ್ರ ಹೆಚ್ಚು. ಒಂದು ಬೋರ್ಡ್ ಓಡಿಸುತ್ತಿದ್ದವನಿಗೆ ಖಾಲಿ ಕೂತ ಎರಡು ಬೋರ್ಡ್ ನಿದ್ದೆಗೆಡಿಸಿದವು. ಆ ಅವಸರ ನನಗೆ ಅರ್ಥವಾಗುತ್ತದೆ. ಮಳೆ ಬಿದ್ದ ಮೇಲೆ ಬಿತ್ತಲು ತಡ ಮಾಡುವವರು ಯಾರು?

ಆ ಭಾನುವಾರ ರಾತ್ರಿ

ಶನಿವಾರ ಸಂಜೆ ಹುಡುಗ ಲೋಕಲ್ ಜೋಡಣೆಯ 450 ವ್ಯಾಟ್ ಎಸ್‌ಎಂಪಿಎಸ್ ಒಂದನ್ನು ತಂದ. ಅದರಲ್ಲಿ ಆರು-ಪಿನ್ ಪ್ಲಗ್ ಒಂದೇ ಇತ್ತು. ಹಳೆಯ ಹಾರ್ಡ್‌ಡಿಸ್ಕ್‌ಗೆ ಹಾಕುವ ನಾಲ್ಕು-ಪಿನ್ ಮೋಲೆಕ್ಸ್ ತಲೆಗಳು ಒಂದೇ ವೈರಿನ ಸಾಲಿನಲ್ಲಿ ಮೂರಿದ್ದವು. ಮೋಲೆಕ್ಸ್‌ನಿಂದ ಆರು-ಪಿನ್‌ಗೆ ಬದಲಿಸುವ ಎರಡು ಅಡಾಪ್ಟರ್ ತಂದು ಎರಡನೇ ಬೋರ್ಡಿಗೆ ಕೊಟ್ಟು ನೋಡಿದ. ಯಂತ್ರ ಆನ್ ಆಗಿ, ಬೋರ್ಡ್ ಹ್ಯಾಶಿಂಗ್‌ಗೆ ಇಳಿದ ಕೂಡಲೇ ಎಸ್‌ಎಂಪಿಎಸ್ ಬಂದ್. ಮತ್ತೆ ಆನ್, ಮತ್ತೆ ಬಂದ್.

ಆಗ ಅವನಿಗೊಂದು ಯೋಚನೆ ಹೊಳೆಯಿತು. ಒಬ್ಬನಿಗೆ ಭಾರವಾದರೆ ಇಬ್ಬರು ಹೊರಲಿ. ಎರಡನೇ ಬೋರ್ಡಿನ ಮೂರು ಸಾಕೆಟ್‌ನಲ್ಲಿ ಎರಡಕ್ಕೆ 450ರ ಮೋಲೆಕ್ಸ್ ಅಡಾಪ್ಟರ್‌ಗಳು, ಮೂರನೆಯದಕ್ಕೆ 750ರ ನಾಲ್ಕನೇ ಪ್ಲಗ್. ಅಲ್ಲಿಂದ ತೆಗೆದದ್ದಕ್ಕೆ ಬದಲಾಗಿ ಕಂಟ್ರೋಲ್ ಬೋರ್ಡಿಗೆ 450ರ ಆರು-ಪಿನ್ ಪ್ಲಗ್. ಆನ್ ಮಾಡಿದ. ನಿಂತಿತು! ಎರಡು ಬೋರ್ಡ್, ಒಂಬತ್ತು ಟೆರಾಹ್ಯಾಶ್. ರಾತ್ರಿಯೆಲ್ಲ ಓಡಿತು.

ಭಾನುವಾರ ರಾತ್ರಿ ಎರಡು ಗಂಟೆ ಸುಮಾರಿಗೆ ಪಕ್ಕದ ಕೋಣೆಯಲ್ಲಿ ಮಲಗಿದ್ದ ತಾಯಿಗೆ ವಾಸನೆ ಬಂತು. ಮೊದಲು ಸೊಳ್ಳೆ ಬತ್ತಿ ಬಟ್ಟೆಗೆ ತಾಗಿರಬೇಕೆಂದು ಮಂಚದ ಕೆಳಗೆ ನೋಡಿದರಂತೆ. ಆಮೇಲೆ ಯಂತ್ರದ ಕೋಣೆಯ ಬಾಗಿಲು ತೆಗೆದರೆ ತೆಳ್ಳಗೆ ಹೊಗೆ. ಆ ತಾಯಿ ಯಂತ್ರದ ಹತ್ತಿರ ಹೋಗಲೇ ಇಲ್ಲ. ನೆಟ್ಟಗೆ ಹೊರಗೆ ಬಂದು ಮೀಟರ್ ಬೋರ್ಡಿನ ಮೇನ್ ಸ್ವಿಚ್ ಇಳಿಸಿದರು. ಆ ಮನೆಯಲ್ಲಿ ಆ ವಾರ ಯಾರಾದರೂ ಪೂರ್ತಿ ಸರಿಯಾದ ಕೆಲಸ ಮಾಡಿದ್ದರೆ ಅದು ಅವರು.

ನಾನು ಹೋದಾಗ ಕಂಡದ್ದು

ಸೋಮವಾರ ಬೆಳಿಗ್ಗೆ ಹೋದೆ. ಹುಡುಗ ಮೊದಲೇ ತೀರ್ಮಾನ ಮಾಡಿಟ್ಟಿದ್ದ. "ಅಣ್ಣ, ಆ ಚೀಪ್ ಎಸ್‌ಎಂಪಿಎಸ್ಸೇ ಕೈ ಕೊಟ್ಟಿದ್ದು. ಒಂದು ಒಳ್ಳೇದು ಹೇಳಿ, ತರ್ತೀನಿ."

ನಾನೂ ಹಾಗೇ ಅಂದುಕೊಂಡೇ ಬಗ್ಗಿ ನೋಡಿದೆ. ಕರಗಿದ್ದ ಪ್ಲಗ್ ಅಗ್ಗದ್ದರದಲ್ಲ. ದುಬಾರಿ 750ರದು. ಎರಡನೇ ಬೋರ್ಡಿಗೆ ಅದರಿಂದ ಬಂದಿದ್ದ ಆ ಒಂದೇ ಒಂದು ಪ್ಲಗ್. ಕಪ್ಪು ಪ್ಲಾಸ್ಟಿಕ್ ಬೆಲ್ಲದ ಪಾಕದಂತೆ ಇಳಿದು ಸಾಕೆಟ್ಟಿಗೆ ಅಂಟಿಕೊಂಡಿತ್ತು. ಎಳೆದರೆ ಬೋರ್ಡೇ ಮೇಲೆ ಬರುತ್ತಿತ್ತು. ಮೂರು 12 ವೋಲ್ಟ್ ಪಿನ್ನುಗಳಲ್ಲಿ ನಡುವಿನದು ನೀಲಿಗಟ್ಟಿತ್ತು. ಮೋಲೆಕ್ಸ್ ಅಡಾಪ್ಟರ್‌ಗಳನ್ನು ಮುಟ್ಟಿ ತಿರುಗಿಸಿ ನೋಡಿದೆ, ಒಂದು ಕಲೆ ಇರಲಿಲ್ಲ.

ಇಲ್ಲಿ ನಾನು ಹೊಸ ಎಸ್‌ಎಂಪಿಎಸ್ ಬರೆದುಕೊಟ್ಟು ಬಂದುಬಿಡಬಹುದಿತ್ತು. ಆದರೆ ಬಡವನ ಕೈ ಸುಡದೆ ಗಟ್ಟಿಗನ ಕೈ ಸುಟ್ಟದ್ದು ಯಾಕೆ ಅಂತ ಗೊತ್ತಾಗದೆ ಏನು ಬರೆದುಕೊಟ್ಟರೂ ಅದೇ ಬೆಂಕಿ ಮತ್ತೆ ಬರುತ್ತದೆ. "ಆನ್ ಮಾಡುವಾಗ, ಆಫ್ ಮಾಡುವಾಗ ಏನೇನು ನೋಡಿದೆ, ಎಲ್ಲ ಹೇಳು" ಅಂದೆ. ಹುಡುಗ ಹೇಳುತ್ತಾ ಹೋದ. ನಡುವೆ ಒಂದು ಮಾತು ಬಂತು: "ಶನಿವಾರ ರಾತ್ರಿ ಚೆಕ್ ಮಾಡೋಕೆ ಅಂತ 450ರದ್ದು ಸ್ವಿಚ್ ಆಫ್ ಮಾಡಿದ್ದೆ. ಆದ್ರೂ ಮೆಷಿನ್ ನಿಲ್ಲಲಿಲ್ಲ ಅಣ್ಣ. ಆಫ್ ಆಗಿರೋ ಎಸ್‌ಎಂಪಿಎಸ್ ಫ್ಯಾನ್ ಕೂಡ ತಿರುಗ್ತಾ ಇತ್ತು. ಬ್ಯಾಕಪ್ ತರ ಆಯ್ತಲ್ಲ ಅಂತ ಖುಷಿಯಾಯ್ತು."

ಈ ಪ್ರಕರಣದ ಗಂಟು ಬಿಚ್ಚಿದ್ದು ಆ ಮಾತಿನಲ್ಲೇ. ಸ್ವಿಚ್ ಆಫ್ ಆದ ಎಸ್‌ಎಂಪಿಎಸ್‌ನ ಫ್ಯಾನ್ ತಿರುಗಬೇಕಾದರೆ ಅದಕ್ಕೆ 12 ವೋಲ್ಟ್ ಎಲ್ಲಿಂದಲೋ ಬರಬೇಕು. ಗೋಡೆಯಿಂದ ಬರುತ್ತಿಲ್ಲ. ಬಂದದ್ದು ಹೊರಗೆ ಕೊಡಬೇಕಾದ ವೈರಿನಲ್ಲೇ ಹಿಂದಕ್ಕೆ.

ಹ್ಯಾಶ್ ಬೋರ್ಡಿನ ಮೂರು ಸಾಕೆಟ್‌ಗಳು ನೋಡಲು ಮೂರು, ಒಳಗೆ ಒಂದೇ. ಮೂರರ 12 ವೋಲ್ಟೂ ಬೋರ್ಡಿನ ಒಂದೇ ತಾಮ್ರದ ಹಾಳೆಗೆ ಸೇರುತ್ತದೆ. ಹಾಗಾಗಿ ಎರಡು ಎಸ್‌ಎಂಪಿಎಸ್‌ಗಳ ಪ್ಲಗ್‌ಗಳನ್ನು ಒಂದೇ ಬೋರ್ಡಿಗೆ ಚುಚ್ಚಿದರೆ ಅವೆರಡರ ಹೊರಮುಖಗಳನ್ನೇ ಗಂಟು ಹಾಕಿದಂತೆ. ಒಂದು ಆಫ್ ಇದ್ದರೆ ಇನ್ನೊಂದರ ಕರೆಂಟು ಬೋರ್ಡ್ ಮೂಲಕ ಆಫ್ ಆದದ್ದರೊಳಗೆ ಹರಿದು, ಅದರ ಕೆಪಾಸಿಟರ್ ತುಂಬಿಸಿ, ಅದರ ಫ್ಯಾನ್ ತಿರುಗಿಸಿ, ಅಲ್ಲಿಂದ ಆರು-ಪಿನ್ ಪ್ಲಗ್ ಹಿಡಿದು ಕಂಟ್ರೋಲ್ ಬೋರ್ಡಿಗೂ ಹೋಗುತ್ತದೆ. ಹುಡುಗ ಬ್ಯಾಕಪ್ ಅಂದುಕೊಂಡದ್ದು ಇದು. ಎರಡು ಎಸ್‌ಎಂಪಿಎಸ್ ಬಳಸುವುದಾದರೆ ಒಂದು ಬೋರ್ಡಿನ ಮೂರೂ ಪ್ಲಗ್ ಒಂದರಿಂದಲೇ ಬರಬೇಕೆಂದು ಯಂತ್ರದ ಕೈಪಿಡಿಯೇ ಹೇಳುತ್ತದೆ. ಅದನ್ನು ಓದಿದರೂ ಕಾರಣ ತಿಳಿಯದೆ ಹೋದರೆ, ಅವಸರದಲ್ಲಿ ಯಾರಾದರೂ ದಾಟಿಯೇ ದಾಟುತ್ತಾರೆ.

ಇನ್ನೊಂದು ಸಂಗತಿ. ಯಂತ್ರದ ಮೈ ಮುಟ್ಟಿದರೆ ಜುಮ್ ಎನ್ನುತ್ತಿತ್ತು. ಮೀಟರ್ ಇಟ್ಟರೆ ಮೈಗೂ ನೆಲಕ್ಕೂ ನಡುವೆ ನೂರರ ಮೇಲೆ ವೋಲ್ಟ್. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಅದರ ಲೋಹದ ಮೈಯನ್ನು ಲೈನ್ ಮತ್ತು ನ್ಯೂಟ್ರಲ್ ಎರಡಕ್ಕೂ ಕಟ್ಟಿರುತ್ತವೆ. ಅರ್ಥ್ ಇದ್ದರೆ ಆ ಅಲ್ಪ ಕರೆಂಟು ಭೂಮಿಗೆ ಹೋಗುತ್ತದೆ, ಇಲ್ಲದಿದ್ದರೆ ಮೈ 230ರ ಅರ್ಧಕ್ಕೆ ತೇಲುತ್ತದೆ. ಎಲ್ಲವೂ ಒಂದೇ 6 ಆಂಪಿಯರ್ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿತ್ತು, ಅದರ ಪ್ಲಗ್‌ಗೆ ಎರಡೇ ಪಿನ್.

ಅಂಗಡಿಯಲ್ಲಿ ಅಳೆದದ್ದು

ಹುಡುಗನನ್ನೂ ಯಂತ್ರವನ್ನೂ ಅಂಗಡಿಗೆ ಕರೆತಂದೆ. ಕರಗಿದ ಸಾಕೆಟ್ ಬಿಡಿಸಲು ಅರ್ಧ ದಿನ ಹಿಡಿಯಿತು. ದಪ್ಪ ತಾಮ್ರ ಶಾಖವನ್ನೆಲ್ಲ ಹೀರಿಕೊಳ್ಳುತ್ತದೆ, ಮಾಮೂಲಿ ಸೋಲ್ಡರಿಂಗ್ ಐರನ್ ಸಾಲದು, ಕೆಳಗಿನಿಂದ ಬಿಸಿಗಾಳಿ ಕೊಡಬೇಕಾಯಿತು. ಹೊಸ ಸಾಕೆಟ್ ಕೂರಿಸಿದ ಮೇಲೆ ಬೋರ್ಡ್ 63 ಚಿಪ್ಪನ್ನೂ ತೋರಿಸಿತು. ಅದೃಷ್ಟ.

ಅವನ ಬಳಿ ಒಂದು ಕ್ಲ್ಯಾಂಪ್ ಮೀಟರ್, ಅಂದರೆ ವೈರನ್ನು ಸುತ್ತ ಹಿಡಿದು ಕರೆಂಟು ಅಳೆಯುವ ಮೀಟರ್, ಇತ್ತು. ಶನಿವಾರ ವೈರಿಗೆಲ್ಲ ಹಾಕಿ ನೋಡಿದ್ದನಂತೆ, ಎಲ್ಲ ಕಡೆ ಸೊನ್ನೆ ಬಂದಿತ್ತು. ಅದು ಎಸಿ ಮಾತ್ರ ಅಳೆಯುವ ಮೀಟರ್. ಎಸ್‌ಎಂಪಿಎಸ್‌ನಿಂದ ಹೊರಗೆ ಬರುವುದು ಡಿಸಿ. ಅದನ್ನು ಅಳೆಯಲು ಡಿಸಿ ಕ್ಲ್ಯಾಂಪೇ ಬೇಕು. ಕೊಳ್ಳುವವರು ದಯವಿಟ್ಟು ಇದೊಂದನ್ನು ನೋಡಿಕೊಳ್ಳಿ. ಮೀಟರ್ ಇಲ್ಲದವನು ಹೆದರಿಕೊಂಡಾದರೂ ಇರುತ್ತಾನೆ, ಸೊನ್ನೆ ತೋರಿಸುವ ಮೀಟರ್ ಇದ್ದವನಿಗೆ ಆ ಹೆದರಿಕೆಯೂ ಇರುವುದಿಲ್ಲ.

ಕಾಗದದ ಮೇಲೆ ಹೇಳಿದರೆ ಹುಡುಗ ಒಪ್ಪುವ ಹಾಗೆ ಕಾಣಲಿಲ್ಲ. ಸರಿ, ಸುಟ್ಟ ಕೇಬಲ್ ತೆಗೆದು ಅದೇ ಜಾತಿಯ ಇನ್ನೊಂದು ಹಾಕಿ, ಶನಿವಾರದ ಜೋಡಣೆಯನ್ನೇ ಮತ್ತೆ ಮಾಡಿದೆ. ಒಂದೂವರೆ ನಿಮಿಷ ಮಾತ್ರ. ನನ್ನ ಎಡಗೈ ಸ್ವಿಚ್ ಬೋರ್ಡಿನ ಮೇಲೆ, ಬಲಗೈಯಲ್ಲಿ ಕ್ಲ್ಯಾಂಪ್. 750ರಿಂದ ಬಂದ ಆ ಒಂದು ಪ್ಲಗ್‌ನ 12 ವೋಲ್ಟ್ ವೈರುಗಳಿಗೆ ಹಾಕಿದೆ: 26 ಆಂಪಿಯರ್. 450ರ ಎರಡೂ ಅಡಾಪ್ಟರ್ ಸೇರಿಸಿ ಹಾಕಿದೆ: 8. ಹುಡುಗ ಎರಡು ಸಲ ಬಗ್ಗಿ ನೋಡಿದ. ಮೂರು ಪ್ಲಗ್‌ನಲ್ಲಿ ಎರಡು ಇದ್ದ ಕಡೆ 8, ಒಂದೇ ಇದ್ದ ಕಡೆ 26.

ಕಾರಣ ಇಷ್ಟೇ. ಗಂಟು ಹಾಕಿದ ಎರಡು ಸಪ್ಲೈಗಳಲ್ಲಿ ಯಾವುದರ ವೋಲ್ಟೇಜ್ ಕೂದಲೆಳೆಯಷ್ಟು ಹೆಚ್ಚೋ, ಯಾವುದರ ವೈರಿನ ದಾರಿ ಅಗಲವೋ, ಭಾರವೆಲ್ಲ ಅದರ ತಲೆಗೆ. 750 ಕೊಡುತ್ತಿದ್ದದ್ದು 12.1 ವೋಲ್ಟ್, 450 ಕೊಡುತ್ತಿದ್ದದ್ದು 11.8. ಅದರ ಜೊತೆಗೆ 450ರ ಎರಡು ಅಡಾಪ್ಟರ್‌ಗಳ ಹಿಂದೆ ಇದ್ದದ್ದು ಒಂದೇ ಹಳದಿ ವೈರ್. ಒಳ್ಳೆಯ ಎಸ್‌ಎಂಪಿಎಸ್ ಒಳ್ಳೆಯದಾಗಿದ್ದಕ್ಕೇ ಸುಟ್ಟಿತು. ವೋಲ್ಟೇಜ್ ಇಳಿಸದೆ ಬಿಗಿಯಾಗಿ ಹಿಡಿದುಕೊಂಡಿತ್ತು, ಹಾಗಾಗಿ ಕೇಳಿದಷ್ಟೂ ಅದೇ ಕೊಟ್ಟಿತು.

ಆರು-ಪಿನ್ ಪ್ಲಗ್‌ಗೆ ಕಂಪ್ಯೂಟರ್ ಮಾನದಂಡ ಇಟ್ಟ ಮಿತಿ 75 ವ್ಯಾಟ್, ಎಂಟು-ಪಿನ್‌ಗೆ 150. ಎಸ್9 ಸರಿಯಾಗಿ ಓಡುವಾಗಲೂ ಪ್ಲಗ್ಗಿಗೆ 11 ಆಂಪಿಯರ್, ಅಂದರೆ 135 ವ್ಯಾಟ್ ಎಳೆಯುತ್ತದೆ. ಕಾಗದದ ಮಿತಿ ಮೀರಿದರೂ ಪಿನ್ನಿಗೆ ನಾಲ್ಕು ಆಂಪಿಯರ್ ಒಳಗೇ ಬೀಳುವುದರಿಂದ ಒಳ್ಳೆಯ ಪಿನ್, 18 ಗೇಜ್ ವೈರ್ ಅದನ್ನು ತಡೆದುಕೊಳ್ಳುತ್ತವೆ. 26 ಆಂಪಿಯರ್ ಅಂದರೆ 300 ವ್ಯಾಟ್ ದಾಟಿತು, ಪಿನ್ನಿಗೆ ಒಂಬತ್ತರ ಹತ್ತಿರ. ಕರೆಂಟು ಎರಡೂವರೆ ಪಟ್ಟಾದರೆ ಬಿಸಿ ಆರು ಪಟ್ಟು ಹತ್ತಿರ ಏರುತ್ತದೆ, ಯಾಕೆಂದರೆ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಬಿಸಿಯಾದ ಪಿನ್ನಿನ ಹಿಡಿತ ಸಡಿಲ, ಸಡಿಲವಾದದ್ದು ಇನ್ನೂ ಬಿಸಿ. ಮೇಲಾಗಿ ಆ ಪ್ಲಗ್ ಕೇಬಲ್ಲಿನ ಎರಡನೇ ತಲೆ; ಮೊದಲ ತಲೆ ಒಂದನೇ ಬೋರ್ಡಿಗೆ ಹೋಗಿತ್ತು. ಎರಡರ ಕರೆಂಟೂ ಹಿಂದಿನ ಅವೇ ಮೂರು ವೈರುಗಳಲ್ಲಿ.

750 ತಾನಾಗಿ ಬಂದ್ ಆಗಲಿಲ್ಲವೇಕೆ? ಒಟ್ಟು ಲೋಡ್ 60 ಚಿಲ್ಲರೆ ಆಂಪಿಯರ್, ಅದರ ಶಕ್ತಿಯ ಅಂಚಿನಲ್ಲೇ ಇತ್ತು. ಎಸ್‌ಎಂಪಿಎಸ್ ಕಾಯುವುದು ತನ್ನ ಒಟ್ಟು ಕರೆಂಟನ್ನು. ಅದರಲ್ಲಿ ಎಷ್ಟು ಯಾವ ಪ್ಲಗ್‌ನಿಂದ ಹೋಯಿತು ಎಂಬುದು ಅದಕ್ಕೆ ಕಾಣುವುದಿಲ್ಲ. ಮನೆಯ ಎಂಸಿಬಿಗಂತೂ ಇದೆಲ್ಲ ಒಂದು ಇಸ್ತ್ರಿ ಪೆಟ್ಟಿಗೆಯಷ್ಟೇ.

450ರದ್ದನ್ನು ಬಿಚ್ಚಿಯೂ ನೋಡಿದೆವು. ಒಳಬರುವ ಕರೆಂಟಿನ ಫಿಲ್ಟರ್ ಸುರುಳಿ ಇರಬೇಕಾದ ಜಾಗದಲ್ಲಿ ಬರೀ ತಂತಿಯ ತುಂಡು ಬೆಸೆದಿದ್ದರು. 12 ವೋಲ್ಟ್‌ಗೂ 5 ವೋಲ್ಟ್‌ಗೂ ಒಂದೇ ಲಗಾಮು ಹಾಕಿದ ಹಳೆಯ ವಿನ್ಯಾಸ. ಕಂಪ್ಯೂಟರ್‌ನಲ್ಲಾದರೆ ಎರಡರ ಮೇಲೂ ಲೋಡ್ ಬಿದ್ದು ಸಮ ಆಗುತ್ತದೆ. ಮೈನಿಂಗ್ ಯಂತ್ರಕ್ಕೆ 5 ವೋಲ್ಟ್ ಬೇಕೇ ಇಲ್ಲ. ಒಂದೇ ಕಡೆ ಎಳೆದಾಗ 12 ಕೆಳಗೆ ಬಂದು 5 ಮೇಲೇರುತ್ತದೆ. ಅದೊಂದನ್ನೇ ಬೋರ್ಡಿಗೆ ಕೊಟ್ಟಾಗ ಬಂದ್ ಆಗುವ ಮುಂಚೆ ಮೀಟರ್ ಹಿಡಿದೆ: 11.1. ಎಸ್9ಗೆ ಕನಿಷ್ಠ 11.6 ಬೇಕು.

ಮಾಡಿ ನೋಡಿದ್ದು

ಮೊದಲ ದಾರಿ ಕೂಡಲೇ ಸಿಗುವಂಥದ್ದು. ಹೊಸ 650 ವ್ಯಾಟ್ ಎಸ್‌ಎಂಪಿಎಸ್, 12 ವೋಲ್ಟ್‌ನಲ್ಲಿ 54 ಆಂಪಿಯರ್, ನಾಲ್ಕು ಪ್ಲಗ್. ಒಂದನೇ ಬೋರ್ಡಿನ ಮೂರೂ ಪ್ಲಗ್ ಮತ್ತು ಕಂಟ್ರೋಲ್ ಬೋರ್ಡ್ 750ಕ್ಕೆ. ಎರಡನೇ ಬೋರ್ಡಿನ ಮೂರೂ 650ಕ್ಕೆ. 12 ವೋಲ್ಟ್ ಎಲ್ಲೂ ಒಂದಕ್ಕೊಂದು ತಾಗಬಾರದು, ಗ್ರೌಂಡ್ ಮಾತ್ರ ಒಂದಾಗಬೇಕು. ಬೋರ್ಡ್‌ಗಳೂ ಕಂಟ್ರೋಲ್ ಬೋರ್ಡೂ ತೆಳು ರಿಬ್ಬನ್ ಕೇಬಲ್‌ನಲ್ಲಿ ಮಾತಾಡುತ್ತವೆ. ಎರಡು ಎಸ್‌ಎಂಪಿಎಸ್‌ಗಳ ಗ್ರೌಂಡ್ ಬೇರೆ ದಾರಿಯಲ್ಲಿ ಸೇರದಿದ್ದರೆ ದಪ್ಪ ಕರೆಂಟು ಆ ರಿಬ್ಬನ್ನಿನಲ್ಲೇ ದಾರಿ ಹುಡುಕುತ್ತದೆ. ಎರಡರ ಕಪ್ಪು ವೈರುಗಳನ್ನು ದಪ್ಪ ವೈರಿನಿಂದ ಕಟ್ಟಿದೆ. ಪೇಪರ್ ಕ್ಲಿಪ್ ಕಿತ್ತು, ಎರಡರ ಹಸಿರು ವೈರುಗಳನ್ನೂ ಒಂದೇ ಸಣ್ಣ ಸ್ವಿಚ್‌ಗೆ ತಂದೆ, ಎರಡೂ ಒಟ್ಟಿಗೆ ಆನ್ ಆಗಲಿ ಅಂತ. ಕಂಟ್ರೋಲ್ ಬೋರ್ಡ್ ಎದ್ದು ಚಿಪ್ ಎಣಿಸುವ ಹೊತ್ತಿಗೆ ಹ್ಯಾಶ್ ಬೋರ್ಡಿಗೆ ಕರೆಂಟು ಬಂದಿರದಿದ್ದರೆ ಆ ಬೋರ್ಡೇ ಇಲ್ಲವೆಂದು ಬರೆದುಕೊಳ್ಳುತ್ತದೆ.

ಮೋಲೆಕ್ಸ್ ಅಡಾಪ್ಟರ್‌ಗಳನ್ನು ಅವನ ಎದುರಿಗೇ ಕತ್ತರಿಸಿದೆ. ಈಗಿನ ಹಾರ್ಡ್‌ಡಿಸ್ಕ್‌ಗೆ ಹಾಕುವ ಸೇಟಾ ಪ್ಲಗ್‌ನಿಂದ ಬದಲಿಸುವವು ಇನ್ನೂ ಕೆಟ್ಟವು. ಸೇಟಾದಲ್ಲಿ 12 ವೋಲ್ಟ್‌ಗೆ ಇರುವುದು ಒಂದೂವರೆ ಆಂಪಿಯರ್‌ನ ಮೂರು ಪುಟ್ಟ ಪಿನ್, ಒಟ್ಟು 54 ವ್ಯಾಟ್. ಗ್ರಾಫಿಕ್ಸ್ ಕಾರ್ಡ್ ಮೈನಿಂಗ್ ಮಾಡುವವರ ರೈಸರ್‌ಗಳು (ಕಾರ್ಡನ್ನು ಮದರ್‌ಬೋರ್ಡಿನಿಂದ ದೂರ ಕೂರಿಸುವ ಜೋಡಣೆಗಳು) ಕರಗುವುದು ಬಹುಪಾಲು ಅಲ್ಲೇ.

24 ಗಂಟೆ ಅಂಗಡಿಯಲ್ಲಿ ಓಡಿಸಿದೆ. ಗಂಟೆಗೊಮ್ಮೆ ಪ್ರತಿ ಪ್ಲಗ್ ಮೇಲೂ ಬೆರಳಿಟ್ಟು ನೋಡಿದೆ, ಬೆಚ್ಚಗಿತ್ತು ಅಷ್ಟೇ. ಗೋಡೆಯ ಮೀಟರ್‌ನಲ್ಲಿ 970 ವ್ಯಾಟ್.

ಹುಡುಗ ಮೂರನೇ ಬೋರ್ಡ್ ಎತ್ತಿ ತಂದ. "750ರಲ್ಲಿ ಇನ್ನೂ ಇದೆಯಲ್ಲ ಅಣ್ಣ, 24 ಆಂಪಿಯರ್." ಬೋರ್ಡಿಗೆ ಬೇಕಾದದ್ದು 34. ಮಿಕ್ಕ ಹತ್ತನ್ನು 650ರಿಂದ ತರೋಣ ಅಂದ! ಅಷ್ಟೆಲ್ಲ ನೋಡಿದ ಮೇಲೂ. ನನಗೆ ನಿಜವಾಗಿ ಸಿಟ್ಟು ಬಂತು. ನಿನ್ನಮ್ಮ ಆ ಪಕ್ಕದ ಕೋಣೆಯಲ್ಲಿ ಮಲಗ್ತಾರೆ ಅಂದೆ. ಮಾತಾಡದೆ ಬೋರ್ಡನ್ನು ವಾಪಸ್ ಡಬ್ಬಿಗೆ ಹಾಕಿದ.

ಯಜಮಾನರ ಲೆಕ್ಕ

ಸಂಜೆ ಯಜಮಾನರು ಗಿರಣಿ ಮುಚ್ಚಿ ಬಂದರು, ರೆಪ್ಪೆಯ ಮೇಲೆಲ್ಲ ಹಿಟ್ಟು. ಕೂತು ಕೇಳಿದ್ದು ಒಂದೇ: "ದಿನಕ್ಕೆ ಎಷ್ಟು ಯೂನಿಟ್ ತಿಂತದೆ, ಎಷ್ಟು ಕೊಡ್ತದೆ?"

970 ವ್ಯಾಟ್ ಅಂದರೆ ದಿನಕ್ಕೆ 23 ಯೂನಿಟ್‌ಗೂ ಸ್ವಲ್ಪ ಮೇಲೆ. ಮನೆಯ ಮೀಟರ್‌ನಲ್ಲಿ 200 ಯೂನಿಟ್ ದಾಟಿದ ಮೇಲೆ ಆಗ ಯೂನಿಟ್‌ಗೆ 8 ರೂಪಾಯಿಗೂ ಹೆಚ್ಚು. ಅಂದರೆ ಸುಮಾರು 190 ರೂಪಾಯಿ. ಎರಡು ಬೋರ್ಡಿಗೆ ಆ ವಾರ ಪೂಲ್‌ನಿಂದ (ಹಲವರು ಸೇರಿ ಮೈನಿಂಗ್ ಮಾಡಿ ಗಳಿಕೆ ಹಂಚಿಕೊಳ್ಳುವ ಗುಂಪಿನಿಂದ) ಬರುತ್ತಿದ್ದದ್ದು 200ರ ಆಸುಪಾಸು.

"ಜೋಳ ಹಾಕಿದೋರು ಕೊಡೋದೂ ಕರೆಂಟ್ ಬಿಲ್ಲೂ ಸರಿಹೋದ್ರೆ ನಾನು ಕಲ್ಲು ಯಾಕಪ್ಪ ತಿರುಗಿಸಲಿ?" ಅಂದರು.

ಹುಡುಗ ಗಿರಣಿಯ ಮೀಟರ್‌ನಿಂದ ಎಳೆಯುವ ಮಾತೆತ್ತಿದ. ಆ ಸಂಪರ್ಕ ಗಿರಣಿಗೆಂದೇ ಮಂಜೂರಾದದ್ದು, ಅದಕ್ಕೆ ಕೈ ಹಾಕುವ ಹಾಗಿಲ್ಲ ಎಂದು ಯಜಮಾನರು ಅಲ್ಲಿಗೇ ಮುಗಿಸಿದರು.

ಆಗ ಹೊಳೆದದ್ದು, ಇಡೀ ಲಾಭವೇ ಎಸ್‌ಎಂಪಿಎಸ್‌ಗಳ ಬಿಸಿಯಲ್ಲಿ ಹೋಗುತ್ತಿದೆ ಎಂಬುದು. ಮೂರೂ ಬೋರ್ಡನ್ನು ಬಗೆಬಗೆಯ ಕಂಪ್ಯೂಟರ್ ಎಸ್‌ಎಂಪಿಎಸ್‌ಗಳಿಂದ ಓಡಿಸಿದರೆ ಗೋಡೆಯಿಂದ 1,500 ವ್ಯಾಟ್ ಹತ್ತಿರ, ದಿನಕ್ಕೆ 36 ಯೂನಿಟ್, 290 ರೂಪಾಯಿ. ಎಸ್9 ಮಾಡಿದ ಕಂಪನಿಯದೇ 1,600 ವ್ಯಾಟ್‌ನ ಪವರ್ ಸಪ್ಲೈನಲ್ಲಿ 1,320 ವ್ಯಾಟ್, 32 ಯೂನಿಟ್, 255 ರೂಪಾಯಿ. ಬರುವುದು ಎರಡರಲ್ಲೂ 300. ಹಾಗಾಗಿ ಉಳಿದ ದಾರಿಗಳಲ್ಲಿ, ಅಂದರೆ ಇನ್ನೊಂದು ಎಸ್‌ಎಂಪಿಎಸ್, ಹಳೆಯ ಸರ್ವರ್ ಸಪ್ಲೈ, ಕಂಪನಿಯದ್ದು ಈ ಮೂರರಲ್ಲಿ, ಕೊನೆಯದನ್ನೇ ಹುಡುಕಲು ತೀರ್ಮಾನವಾಯಿತು. ಅದರಿಂದ ಹತ್ತು ಕೇಬಲ್‌ಗಳು ಹೊರಡುತ್ತವೆ, ಒಂದೊಂದಕ್ಕೂ ಒಂದೇ ತಲೆ. ಆ ಪೆಟ್ಟಿಗೆ ಪೂರ್ತಿ 1,600 ವ್ಯಾಟ್ ಕೊಡಲು 205 ವೋಲ್ಟ್‌ಗಿಂತ ಮೇಲೆ ಬೇಕು. ನಮ್ಮ ಓಣಿಯಲ್ಲಿ ಸಂಜೆ ಪಂಪ್‌ಸೆಟ್ ಹೊತ್ತಿಗೆ ಅದೂ ಅನುಮಾನ. ಒಂದು ವಾರ ಸಂಜೆ ಮೀಟರ್ ಹಿಡಿದು ಬರೆದುಕೊಂಡು, 210ರ ಕೆಳಗೆ ಹೋಗಲಿಲ್ಲವೆಂದು ಖಾತ್ರಿಯಾದ ಮೇಲೆ ಮುಂದುವರಿದೆವು.

ಸೆಪ್ಟೆಂಬರ್‌ನಲ್ಲಿ ಬಳಸಿದ್ದು ಒಂದು ಸಿಕ್ಕಿತು. 16 ಆಂಪಿಯರ್ ಸಾಕೆಟ್‌ಗೆ ನೇರ ವೈರ್ ಎಳೆಸಿ ಹಾಕಿದೆವು. ಮೂರೂ ಬೋರ್ಡ್ ಓಡಿ, ಗೋಡೆಯಲ್ಲಿ 1,340 ವ್ಯಾಟ್. 650ರದ್ದನ್ನು ನನ್ನ ಗಿರಾಕಿಯೊಬ್ಬರು ಕೊಂಡರು. 750 ಹುಡುಗನ ಕಂಪ್ಯೂಟರ್‌ಗೆ ಮರಳಿತು, ಸುಟ್ಟ ಕೇಬಲ್ ಬಿಟ್ಟು.

ನವೆಂಬರ್‌ವರೆಗೆ ಸ್ವಲ್ಪ ಉಳಿಯಿತು. ಜಾಲಕ್ಕೆ ಹೊಸ ಯಂತ್ರಗಳು ಸೇರಿ, ಬೆಲೆಯೂ ಇಳಿದು, 2022ರ ಜನವರಿಯಲ್ಲಿ ಬರುವುದು ಬಿಲ್ಲಿಗಿಂತ ಕಡಿಮೆಯಾಯಿತು. ಹುಡುಗ ತಾನೇ ಲೆಕ್ಕ ಹಾಕಿ ನಿಲ್ಲಿಸಿದ. ಫೆಬ್ರವರಿ 1ರ ಬಜೆಟ್‌ನಲ್ಲಿ ಕ್ರಿಪ್ಟೋ ಆದಾಯಕ್ಕೆ ಶೇಕಡಾ 30 ತೆರಿಗೆ ಬಂತು. ಮೈನಿಂಗ್‌ಗೆ ಹಾಕಿದ ಖರ್ಚನ್ನು ಅದರಲ್ಲಿ ಕಳೆಯುವಂತಿಲ್ಲ ಎಂದು ಮಾರ್ಚ್‌ನಲ್ಲಿ ಸರ್ಕಾರ ಸಂಸತ್ತಿನಲ್ಲಿ ಹೇಳಿತು. ಅಷ್ಟರಲ್ಲಿ ಯಂತ್ರ ಅಟ್ಟ ಸೇರಿತ್ತು.

ಇದರಿಂದ ನಾನು ಬದಲಿಸಿಕೊಂಡದ್ದು

ಈಗ ಯಾರಾದರೂ "ಇದಕ್ಕೆ ಎಷ್ಟು ವ್ಯಾಟ್ ಬೇಕು" ಎಂದು ಕೇಳಿದರೆ ನಾನು ಮೊದಲು ಒಂದು ಹಾಳೆ ಕೊಟ್ಟು ವೈರುಗಳ ಚಿತ್ರ ಬರೆಯಿರಿ ಎನ್ನುತ್ತೇನೆ. ಯಾವ ಬೋರ್ಡಿಗೆ ಯಾವ ಪ್ಲಗ್, ಆ ಪ್ಲಗ್ ಯಾವ ಕೇಬಲ್ಲಿನ ಎಷ್ಟನೇ ತಲೆ, ಆ ಕೇಬಲ್ ಯಾವ ಪೆಟ್ಟಿಗೆಯದು. ಹುಡುಗನ ಶನಿವಾರದ ಜೋಡಣೆಯನ್ನು ಹಾಗೆ ಬರೆದರೆ ಎರಡು ಪೆಟ್ಟಿಗೆಗಳಿಂದ ಹೊರಟ ಗೆರೆಗಳು ಒಂದೇ ಬೋರ್ಡಿನಲ್ಲಿ ಕೂಡುವುದು ಮೊದಲ ನೋಟಕ್ಕೇ ಕಾಣುತ್ತದೆ. 750 ಮತ್ತು 450 ಕೂಡಿಸಿ 1,200 ಎಂದು ಬರೆದರೆ ಏನೂ ಕಾಣುವುದಿಲ್ಲ.

ಎರಡನೆಯದು, ಆಫ್ ಮಾಡಿ ನೋಡುವುದು. ಎರಡು ಸಪ್ಲೈ ಇರುವ ಯಾವ ಜೋಡಣೆಯಲ್ಲೂ ಒಂದೊಂದನ್ನೇ ಬಂದ್ ಮಾಡಿ, ಬಂದ್ ಆದದ್ದರ ಫ್ಯಾನ್ ನೋಡುತ್ತೇನೆ, ಅದರ ಖಾಲಿ ಪ್ಲಗ್‌ಗೆ ಮೀಟರ್ ಇಡುತ್ತೇನೆ. ಸೊನ್ನೆ ಬರದಿದ್ದರೆ ಮುಂದೆ ಹೋಗುವುದಿಲ್ಲ.

ಆ ಮನೆಯ ಅರ್ಥಿಂಗ್ ಕೆಲಸ ಜುಲೈನಲ್ಲೇ ಆಯಿತು. ಎಲೆಕ್ಟ್ರಿಷಿಯನ್ ಹಿತ್ತಲಲ್ಲಿ ಅಗೆದಾಗ ಪೈಪಿಗೆ ಕಟ್ಟಿದ ತಂತಿ ತುಕ್ಕು ಹಿಡಿದು ತುಂಡಾಗಿತ್ತು, ಯಾವ ಕಾಲದಲ್ಲೋ. ಹೊಸ ಪೈಪ್ ಇಳಿಸಿ ಇದ್ದಿಲು, ಉಪ್ಪು ತುಂಬಿ ನೀರು ಹೊಯ್ದರು. ಆಮೇಲೊಮ್ಮೆ ಹುಡುಗನ ತಾಯಿ ಸಂತೆಯಲ್ಲಿ ಸಿಕ್ಕಾಗ ಯಂತ್ರದ ಸುದ್ದಿ ಎತ್ತಲಿಲ್ಲ. "ಫ್ರಿಜ್ ಬಾಗಿಲು ಹಿಡಿದ್ರೆ ಜುಮ್ ಅಂತಿತ್ತಪ್ಪ, ಒದ್ದೆ ಕೈಗೆ ಅಂತ ಅಂದ್ಕೊಂಡು ಸೆರಗು ಸುತ್ತಿಕೊಂಡೇ ತೆಗೀತಿದ್ದೆ, ಐದಾರು ವರ್ಷದಿಂದ," ಅಂದರು. "ಈಗ ಬರೀ ಕೈಯಲ್ಲೇ ತೆಗೀತೀನಿ."